ವಿದೇಶದಲ್ಲಿ ಬಾಡಿಗೆ ಮನೆ: ಕಣ್ಣಾರೆ ನೋಡದೆ ಅಡ್ವಾನ್ಸ್ ಕಳಿಸಬಹುದಾ?

ಕಟಪಾಡಿ ಚಿಕ್ಕಪ್ಪ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಉಂಟು, ಗೊತ್ತಿದ್ದವರು ದಯವಿಟ್ಟು ಹೇಳಿ.

ನನ್ನ ಅಣ್ಣನ ಮಗಳಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ವೀಸಾ ಬಂತು, ಸೆಪ್ಟೆಂಬರ್ ಕೊನೆಗೆ ಟಿಕೆಟ್ ಆಯ್ತು. ಬಾಕಿ ಇರುವುದು ರೂಮ್ ಮಾತ್ರ. ಅವಳೇ ಆನ್‌ಲೈನ್‌ನಲ್ಲಿ ಹುಡುಕಿ ಒಂದು ಮನೆ ನೋಡಿಟ್ಟಿದ್ದಾಳೆ. ನಗರದ ನಡುವೆ, ಮರಿಯನ್‌ಪ್ಲಾಟ್ಸ್ ಹತ್ತಿರ. ಒಬ್ಬರಿಗೆ ಸಾಕಾಗುವಷ್ಟು ಇಡೀ ಮನೆ. ಹೀಟಿಂಗ್, ಇಂಟರ್ನೆಟ್ ಎಲ್ಲ ಸೇರಿ ತಿಂಗಳಿಗೆ 480 ಯೂರೋ.

ಮಾಲೀಕರು ಎಂಜಿನಿಯರ್ ಅಂತೆ, ಈಗ ಕೆಲಸದ ಮೇಲೆ ನಾರ್ವೆಯಲ್ಲಿ ಇದ್ದಾರಂತೆ. ಮನೆ ತೋರಿಸಲು ಬರಲು ಆಗುವುದಿಲ್ಲವಂತೆ. ಎರಡು ತಿಂಗಳ ಡಿಪಾಸಿಟ್ ಮತ್ತು ಒಂದು ತಿಂಗಳ ಬಾಡಿಗೆ, ಒಟ್ಟು 1440 ಯೂರೋ ಕಟ್ಟಿದರೆ, ಆನ್‌ಲೈನ್‌ನಲ್ಲಿ ರೂಮ್ ಬುಕ್ ಮಾಡುವ ಏರ್‌ಬಿಎನ್‌ಬಿ ಕಂಪನಿಯವರು ಹಣ ಹಿಡಿದಿಟ್ಟುಕೊಂಡು ಕೀ ಕೊರಿಯರ್ ಮಾಡುತ್ತಾರಂತೆ. ಮನೆ ಇಷ್ಟ ಆಗದಿದ್ದರೆ ಹಣ ವಾಪಸ್. ಪಾಸ್‌ಪೋರ್ಟ್ ಪ್ರತಿ, ಸಹಿ ಹಾಕಿದ ಅಗ್ರಿಮೆಂಟ್ ಎಲ್ಲ ಕಳಿಸಿದ್ದಾರೆ. ಇನ್ನಿಬ್ಬರು ಕಾಯುತ್ತಿದ್ದಾರೆ, ನಾಳೆ ಸಂಜೆಯೊಳಗೆ ಹಣ ಬರಬೇಕು ಅಂತ ಹೇಳಿದ್ದಾರೆ.

ಅಣ್ಣ ನಾಳೆ ಬೆಳಿಗ್ಗೆ ಬ್ಯಾಂಕಿಗೆ ಹೋಗಲು ತಯಾರಾಗಿದ್ದಾರೆ. ನನಗೆ ಯಾಕೋ ಸಮಾಧಾನ ಇಲ್ಲ. ಒಂದೂವರೆ ಲಕ್ಷದ ಹತ್ತಿರ ಆಗುತ್ತದೆ. ಎಂತ ಮಾಡುವುದು?

ಬಿಜೈ ಟು ಬರ್ಲಿನ್

ಅಣ್ಣಾ, ಮೊದಲು ಒಂದು ಮಾತು. ನಾಳೆ ಬೆಳಿಗ್ಗೆ ಬ್ಯಾಂಕಿಗೆ ಹೋಗುವುದು ಬೇಡ. ಈಗಲೇ ಅಣ್ಣನಿಗೆ ಫೋನ್ ಮಾಡಿ ಹೇಳಿ. ಉಳಿದದ್ದನ್ನು ಆಮೇಲೆ ಓದಿ.

ನೀವು ಬರೆದದ್ದರಲ್ಲಿ ಪ್ರತಿ ಸಾಲೂ ನನಗೆ ಗೊತ್ತಿರುವ ಕಥೆಯೇ. ಇಲ್ಲಿಗೆ ಬರುವ ಮಕ್ಕಳಿಗೆ ಪ್ರತಿ ವರ್ಷ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಇಂಥ ಮೆಸೇಜ್‌ಗಳು ಬರುತ್ತವೆ. ಮಾಲೀಕ ಒಮ್ಮೆ ಡಾಕ್ಟರ್, ಒಮ್ಮೆ ಎಂಜಿನಿಯರ್. ಇರುವುದು ನಾರ್ವೆ, ಸ್ಪೇನ್, ಇಂಗ್ಲೆಂಡ್, ಎಲ್ಲಾದರೂ ಸರಿ, ಮನೆ ಇರುವ ಊರಲ್ಲಿ ಮಾತ್ರ ಇರುವುದಿಲ್ಲ. ಮನೆ ಮಗಳ ಓದಿಗೆ ತೆಗೆದದ್ದು, ಅವಳ ಓದು ಮುಗಿಯಿತು, ಈಗ ಒಳ್ಳೆಯ ಹುಡುಗಿಗೆ ಕೊಡಬೇಕು. ಇದೇ ಅಲ್ವಾ ಕಥೆ?

ಬೆಲೆ ನೋಡಿ. ಮ್ಯೂನಿಕ್ ಜರ್ಮನಿಯಲ್ಲೇ ಬಾಡಿಗೆ ಅತ್ಯಂತ ಜಾಸ್ತಿ ಇರುವ ನಗರ. ನಾಲ್ಕು ಜನ ಹಂಚಿಕೊಂಡ ಮನೆಯ ಒಂದು ಕೋಣೆಗೇ ಅಲ್ಲಿ 700-800 ಯೂರೋ ಆಗುತ್ತದೆ. ಮರಿಯನ್‌ಪ್ಲಾಟ್ಸ್ ಅಂದರೆ ನಗರದ ಹೃದಯ. ಅಲ್ಲಿ ಎಲ್ಲ ಸೇರಿ 480ಕ್ಕೆ ಇಡೀ ಮನೆ ಸಿಗುವುದಿಲ್ಲ. ಸಿಕ್ಕಿದರೂ ಅದರ ಬಾಗಿಲ ಮುಂದೆ ಮೆಟ್ಟಿಲುಗಳ ಉದ್ದಕ್ಕೂ ಜನ ನಿಂತಿರುತ್ತಾರೆ. ನಾರ್ವೆಯಿಂದ ಕಟಪಾಡಿಯವರಿಗೆ ಮೇಲ್ ಬರೆಯುವ ಅವಸ್ಥೆ ಆ ಮಾಲೀಕನಿಗೆ ಬರುವುದಿಲ್ಲ.

ಇನ್ನು ಏರ್‌ಬಿಎನ್‌ಬಿ. ಅವರ ಸೈಟಿನ ಒಳಗೆ ಬುಕ್ ಮಾಡಿ, ಅಲ್ಲೇ ಹಣ ಕಟ್ಟಿದ್ದಕ್ಕೆ ಮಾತ್ರ ಅವರ ಜವಾಬ್ದಾರಿ. ಬೇರೆ ಕಡೆ ಜಾಹೀರಾತು ಹಾಕಿದ ಮನೆಯ ಡಿಪಾಸಿಟ್ ಹಿಡಿದಿಟ್ಟುಕೊಂಡು ಕೀ ಕೊರಿಯರ್ ಮಾಡುವ ಸೇವೆ ಅವರಲ್ಲಿ ಇಲ್ಲ. ಆ ಲಿಂಕ್ ಒತ್ತಿದರೆ ನೋಡಲು ಅದೇ ಬಣ್ಣ, ಅದೇ ಲೋಗೋ ಇರುವ ನಕಲಿ ಪುಟ ಬರುತ್ತದೆ. ಮೇಲಿನ ವಿಳಾಸವನ್ನು ಅಕ್ಷರ ಅಕ್ಷರ ಓದಿ. ನಡುವೆ ಒಂದು ಗೆರೆ, ಹಿಂದೆ ಮುಂದೆ ಒಂದು ಜಾಸ್ತಿ ಪದ, ಎಲ್ಲೋ ಒಂದು ಕಡೆ ವ್ಯತ್ಯಾಸ ಕಾಣುತ್ತದೆ. ಅಲ್ಲಿ ಹಾಕಿದ ಹಣ ನೇರ ಮೋಸಗಾರರ ಖಾತೆಗೆ ಹೋಗುತ್ತದೆ.

ಒಂದು ಕೆಲಸ ಮಾಡಿ. ಮಗಳ ಹತ್ತಿರ ಈ ಒಂದು ಸಾಲು ಬರೆಸಿ: ಮ್ಯೂನಿಕ್‌ನಲ್ಲಿ ನಮ್ಮ ಪರಿಚಯದವರು ಇದ್ದಾರೆ, ಅವರು ನಾಳೆ ಬಂದು ಮನೆ ನೋಡುತ್ತಾರೆ, ನಿಮ್ಮ ಪಕ್ಕದ ಮನೆಯವರ ಹತ್ತಿರವೋ ಏಜೆಂಟ್ ಹತ್ತಿರವೋ ಕೀ ಕೊಡಿಸಿ. ನಿಜವಾದ ಮಾಲೀಕರು ಏನಾದರೂ ದಾರಿ ಮಾಡುತ್ತಾರೆ. ಇವನು ಮಾಡುವುದಿಲ್ಲ. ಹಿಂದೆ ಒಬ್ಬರಿಗೆ ತೋರಿಸಲು ವಿಮಾನದಲ್ಲಿ ಬಂದೆ, ಅವರು ಬರಲೇ ಇಲ್ಲ, ಹಾಗಾಗಿ ಈಗ ಹಣ ಮೊದಲು ಎಂಬ ಉತ್ತರ ಬರುತ್ತದೆ ಅಂತ ನನ್ನ ಅಂದಾಜು. ಏನು ಬಂತು ಅಂತ ಇಲ್ಲೇ ತಿಳಿಸಿ.

ಕಟಪಾಡಿ ಚಿಕ್ಕಪ್ಪ

ತುಂಬಾ ಉಪಕಾರ ಆಯ್ತು ಮಾರಾಯ್ರೆ. ಅಣ್ಣನಿಗೆ ಹೇಳಿದೆ. ಅವರು ಒಂದೇ ಮಾತು ಕೇಳುತ್ತಿದ್ದಾರೆ: ಮೋಸಗಾರ ಆದರೆ ತನ್ನ ಪಾಸ್‌ಪೋರ್ಟ್ ಯಾಕೆ ಕಳಿಸುತ್ತಾನೆ? ಅಗ್ರಿಮೆಂಟ್ ಕೂಡ ಎಂಟು ಪುಟ ಉಂಟು, ಮನೆ ವಿಳಾಸ ಗೂಗಲ್ ಮ್ಯಾಪ್‌ನಲ್ಲಿ ಸರಿಯಾಗಿಯೇ ಕಾಣುತ್ತದೆ. ಇದಕ್ಕೆ ಏನು ಹೇಳಲಿ?

ಬಿಜೈ ಟು ಬರ್ಲಿನ್

ಅದು ಅವನ ಪಾಸ್‌ಪೋರ್ಟ್ ಅಲ್ಲ ಅಣ್ಣಾ. ಇದಕ್ಕಿಂತ ಮೊದಲು ಮನೆ ಕೇಳಿದ ಯಾರೋ ಒಬ್ಬರದ್ದು. ಅವರಿಂದ ಗುರುತಿನ ಚೀಟಿ ಕೇಳಿ ಪಡೆದು, ಅದನ್ನೇ ಮುಂದಿನವರಿಗೆ ತನ್ನದು ಅಂತ ತೋರಿಸುತ್ತಾರೆ. ವಿಳಾಸವೂ ನಿಜವೇ ಇರಬಹುದು, ಕಟ್ಟಡವೂ ನಿಜ. ಫೋಟೋಗಳು ಮಾತ್ರ ಯಾವುದೋ ಹೋಟೆಲ್‌ನದ್ದೋ, ಮಾರಾಟಕ್ಕೆ ಇಟ್ಟ ಬೇರೆ ಮನೆಯದ್ದೋ. ಗೂಗಲ್ ಲೆನ್ಸ್‌ನಲ್ಲಿ ಅಥವಾ ಟಿನ್‌ಐ ಎಂಬ ಸೈಟಿನಲ್ಲಿ ಆ ಫೋಟೋ ಹಾಕಿ ನೋಡಿ. ಬೇರೆ ಊರಿನ ಹೆಸರಲ್ಲಿ ಅದೇ ಸೋಫಾ ಕಂಡರೆ ಸಂಶಯ ಮುಗಿಯಿತು. ಕಾಣದಿದ್ದರೆ ಮನೆ ನಿಜ ಅಂತ ಅರ್ಥ ಅಲ್ಲ, ಇದು ನೆನಪಿರಲಿ. ಈಗ ಫೋಟೋಗಳನ್ನು ಕಂಪ್ಯೂಟರ್‌ನಲ್ಲೇ ಹೊಸದಾಗಿ ಸೃಷ್ಟಿಸುತ್ತಾರೆ.

ಕಾಗದ ಎಷ್ಟು ಪುಟ ಇದೆ ಎನ್ನುವುದಕ್ಕಿಂತ ಆ ದೇಶದ ನಿಯಮ ಏನು ಎನ್ನುವುದನ್ನು ನೋಡಬೇಕು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಫೋಟೋ, ಭಾಷೆ, ಸಹಿ ಎಲ್ಲವನ್ನೂ ಅವರು ಚೆನ್ನಾಗಿ ಮಾಡಿಕೊಳ್ಳಬಹುದು. ಆದರೆ ಹಣ ಕೇಳುವ ರೀತಿಯನ್ನು ಬದಲಾಯಿಸಲು ಆಗುವುದಿಲ್ಲ. ಯಾಕೆಂದರೆ ನೀವು ಮನೆ ನೋಡುವ ಮೊದಲೇ ಹಣ ಬರಬೇಕು, ಅದೇ ಅವರ ಕಸುಬು.

ಜರ್ಮನಿಯ ಕಾನೂನಿನಲ್ಲಿ ಡಿಪಾಸಿಟ್‌ಗೆ ಮಿತಿ ಇದೆ. ಹೀಟಿಂಗ್, ನೀರು ಮುಂತಾದ ಖರ್ಚು ಬಿಟ್ಟು ಬರೀ ಬಾಡಿಗೆ ಎಷ್ಟೋ, ಅದರ ಮೂರು ಪಟ್ಟಿಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಅದನ್ನೂ ಬಾಡಿಗೆದಾರ ಮೂರು ಕಂತಿನಲ್ಲಿ ಕೊಡಬಹುದು. ಮೊದಲ ಕಂತು ಕೊಡಬೇಕಾದದ್ದು ಬಾಡಿಗೆ ಶುರುವಾಗುವಾಗ. ಅಂದರೆ ಮನೆಗೆ ಕಾಲಿಡುವ ವಾರಗಳ ಮೊದಲೇ ಇಡೀ ಡಿಪಾಸಿಟ್ ನಾರ್ವೆಗೆ ಕಳಿಸಬೇಕು ಎನ್ನುವುದಕ್ಕೆ ಕಾನೂನಿನ ಬಲ ಇಲ್ಲ. ಇಲ್ಲಿನ ಒಳ್ಳೆಯ ಮಾಲೀಕರೂ ಕೆಲವೊಮ್ಮೆ ಪೂರ್ತಿ ಡಿಪಾಸಿಟ್ ಒಮ್ಮೆಗೇ ಕೇಳುತ್ತಾರೆ, ಅದು ಬೇರೆ ಮಾತು. ಅವರು ಮನೆ ತೋರಿಸಿ, ಸಹಿ ಹಾಕಿ, ಕೀ ಕೊಡುವ ಹೊತ್ತಿಗೆ ಕೇಳುತ್ತಾರೆ.

ಇನ್ನೊಂದು. ಇಲ್ಲಿ ಮನೆಗೆ ಬಂದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಕ್ಕೆ ಮಾಲೀಕರ ಸಹಿ ಇರುವ ಒಂದು ದೃಢೀಕರಣ ಪತ್ರ ಬೇಕು. ಆ ನೋಂದಣಿ ಇಲ್ಲದಿದ್ದರೆ ತೆರಿಗೆ ಸಂಖ್ಯೆಯಿಂದ ಹಿಡಿದು ರೆಸಿಡೆನ್ಸ್ ಪರ್ಮಿಟ್‌ವರೆಗೆ ಎಲ್ಲವೂ ಸಿಕ್ಕಿಹಾಕಿಕೊಳ್ಳುತ್ತದೆ. ಈ ಪತ್ರ ಕೊಡುವುದಿಲ್ಲ ಅನ್ನುವ ಮನೆ ನಿಜವಾದದ್ದೇ ಆದರೂ ಮಗಳಿಗೆ ಬೇಡ. ಕೊಡುತ್ತೇನೆ ಅಂದ ಮಾತ್ರಕ್ಕೆ ನಂಬುವುದೂ ಬೇಡ. ಬಾಯಲ್ಲಿ ಹೇಳಲು ಮೋಸಗಾರನಿಗೆ ಖರ್ಚಿಲ್ಲ.

ಕುಂದಾಪುರದ ನಿವೃತ್ತ ಬ್ಯಾಂಕ್ ನೌಕರ

ಚಿಕ್ಕಪ್ಪನವರೇ, ಬ್ಯಾಂಕಿನ ಕಡೆಯಿಂದ ಕೆಲವು ವಿಷಯ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಬ್ಯಾಂಕ್ ಅಂದರೆ ಮನೆಯ ಹಾಗೆ ನಂಬಿಕೆ. ಕೆನರಾ, ಕರ್ನಾಟಕ ಬ್ಯಾಂಕ್, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಎಲ್ಲ ಹುಟ್ಟಿದ್ದು ಇದೇ ಮಂಗಳೂರು-ಉಡುಪಿಯಲ್ಲಿ. ಮ್ಯಾನೇಜರ್ ಗುರುತಿನವರು, ಬ್ಯಾಂಕ್ ಮೂಲಕವೇ ಹೋಗುತ್ತದೆ, ಏನಾದರೂ ಆದರೆ ವಾಪಸ್ ತರಿಸಬಹುದು ಅಂತ ಜನ ತಿಳಿದುಕೊಳ್ಳುತ್ತಾರೆ. ಕೌಂಟರಿನಲ್ಲಿ ಕೂತು ಇದೇ ಮಾತು ತುಂಬಾ ಸಲ ಕೇಳಿದ್ದೇನೆ. ಅದು ಹಾಗಲ್ಲ.

ವಿದೇಶಕ್ಕೆ ಹಣ ಹೋಗುವುದು ಸ್ವಿಫ್ಟ್ ಸಂದೇಶದ ಮೂಲಕ, ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ಸಂದೇಶ ಹೋಗುವ ಅಂತರರಾಷ್ಟ್ರೀಯ ಜಾಲದಲ್ಲಿ. ನೀವು ವಿದೇಶಕ್ಕೆ ಹಣ ಕಳಿಸುವ ಅರ್ಜಿ, ಅಂದರೆ ಎ2 ಫಾರ್ಮ್ ತುಂಬಿ ಸಹಿ ಹಾಕುತ್ತೀರಿ. ಹಣ ಯಾಕೆ, ಯಾರಿಗೆ ಎಂದು ಹೇಳಿದವರು ನೀವು. ಬ್ಯಾಂಕ್ ನೋಡುವುದು ನಿಯಮ ಪ್ರಕಾರ ಕಳಿಸಬಹುದಾ ಎನ್ನುವುದನ್ನು. ಆ ಕಡೆ ಇರುವವನು ನಿಜವಾದ ಮನೆ ಮಾಲೀಕನಾ ಎಂದು ನೋಡುವುದಿಲ್ಲ. ಹಣ ಆ ಖಾತೆಗೆ ಜಮಾ ಆದ ಮೇಲೆ ವಾಪಸ್ ಕೇಳಬಹುದು, ರೀಕಾಲ್ ಅಂತ ಒಂದು ಕ್ರಮ ಇದೆ. ಆದರೆ ಆ ಖಾತೆಯಲ್ಲಿ ಹಣ ಉಳಿದಿರಬೇಕು, ಆ ಕಡೆಯ ಬ್ಯಾಂಕೂ ಒಪ್ಪಬೇಕು. ಮೋಸದ ಖಾತೆಯಲ್ಲಿ ಹಣ ನಿಲ್ಲುವುದಿಲ್ಲ. ಬಂದ ಕೂಡಲೇ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತದೆ.

ಐಬ್ಯಾನ್, ಅಂದರೆ ಆ ಕಡೆಯ ಬ್ಯಾಂಕ್ ಖಾತೆ ಸಂಖ್ಯೆಯ ಮೊದಲ ಎರಡು ಅಕ್ಷರ ನೋಡಿ. ಅದು ಖಾತೆ ಯಾವ ದೇಶದ್ದು ಅಂತ ಹೇಳುತ್ತದೆ. ಜರ್ಮನಿಗೆ ಡಿಇ, ಸ್ಪೇನ್‌ಗೆ ಇಎಸ್, ಲಿಥುವೇನಿಯಾಕ್ಕೆ ಎಲ್‌ಟಿ. ಮನೆ ಮ್ಯೂನಿಕ್‌ನಲ್ಲಿ, ಮಾಲೀಕ ನಾರ್ವೆಯಲ್ಲಿ, ಖಾತೆ ಮೂರನೇ ದೇಶದಲ್ಲಿ, ಖಾತೆಯ ಹೆಸರು ಇನ್ನೊಬ್ಬರದ್ದು ಅಂದರೆ ಅಲ್ಲಿಗೇ ನಿಲ್ಲಿಸಿ. ಡಿಇ ಇದ್ದರೆ ಸೇಫ್ ಅಂತಲೂ ಅಲ್ಲ, ಬೇರೆಯವರ ಖಾತೆಯನ್ನು ಬಾಡಿಗೆಗೆ ತೆಗೆದುಕೊಂಡು ಬಳಸುವುದೂ ಉಂಟು.

ಯೂರೋ ಬಳಸುವ ದೇಶಗಳ ಬ್ಯಾಂಕುಗಳು 2025ರ ಅಕ್ಟೋಬರ್‌ನಿಂದ, ಯೂರೋ ಹಣ ಕಳಿಸುವಾಗ ಹೆಸರು ಮತ್ತು ಐಬ್ಯಾನ್ ಹೊಂದುತ್ತದಾ ಅಂತ ನೋಡಿ ಗ್ರಾಹಕರಿಗೆ ತಿಳಿಸಬೇಕು. ಆದರೆ ಇದು ಅಲ್ಲಿನ ಬ್ಯಾಂಕ್‌ನಿಂದ ಅಲ್ಲಿಗೆ ಕಳಿಸುವಾಗ. ಉಡುಪಿಯ ಕೌಂಟರಿನಿಂದ ಕಳಿಸುವಾಗ ಈ ಎಚ್ಚರಿಕೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಮಗಳು ಅಲ್ಲಿ ಇಳಿದು, ತನ್ನ ಖಾತೆ ತೆರೆದು, ಮನೆ ನೋಡಿ, ತಾನೇ ಕಟ್ಟುವುದು ಎಷ್ಟೋ ಒಳ್ಳೆಯದು.

ಈ ಚರ್ಚೆ ಓದುವ ಬೇರೆ ಯಾರಾದರೂ ಈಗಾಗಲೇ ಹಣ ಕಳಿಸಿದ್ದರೆ ನಾಚಿಕೆ ಪಟ್ಟು ಕೂರಬೇಡಿ. ಮೊದಲು ನಿಮ್ಮ ಬ್ಯಾಂಕಿಗೆ ಹೋಗಿ ಲಿಖಿತವಾಗಿ ರೀಕಾಲ್ ಕೇಳಿ. ಅದೇ ಹೊತ್ತಿಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಮಂಗಳೂರು, ಉಡುಪಿ ಎರಡೂ ಕಡೆ ಸೈಬರ್ ಅಪರಾಧಕ್ಕೆ ಸೆನ್ ಪೊಲೀಸ್ ಠಾಣೆ ಇದೆ. ಮೆಸೇಜ್, ಮೇಲ್, ಸ್ವಿಫ್ಟ್ ಪ್ರತಿ ಯಾವುದನ್ನೂ ಅಳಿಸಬೇಡಿ. ಒಂದೊಂದು ಗಂಟೆಯೂ ಮುಖ್ಯ. ಸೋಮವಾರ ನೋಡುವ ಅಂತ ಬಿಡಬೇಡಿ.

ಕಂಕನಾಡಿ ನರ್ಸಕ್ಕ

ನಾನು ಇಂಗ್ಲೆಂಡಿನಲ್ಲಿ ನರ್ಸ್. ನಮ್ಮ ಕಡೆಯಿಂದ ಬರುವ ಹುಡುಗಿಯರಿಗೆ ಮನೆ ಹುಡುಕಿಕೊಡುವ ಕೆಲಸ ಹೇಗೋ ನನ್ನ ತಲೆಗೇ ಬಂದಿದೆ, ಸಂತೋಷದಿಂದಲೇ ಮಾಡುತ್ತೇನೆ. ಬ್ರಿಟನ್‌ಗೆ ಬರುವವರಿಗೆ ನಾಲ್ಕು ಮಾತು.

ಇಂಗ್ಲೆಂಡಿನಲ್ಲಿ 2019ರ ಕಾನೂನಿನ ಪ್ರಕಾರ ಮನೆ ಹಿಡಿದಿಡಲು ಕೇಳುವ ಮುಂಗಡ ಒಂದು ವಾರದ ಬಾಡಿಗೆ ಮೀರಬಾರದು. ಸಾಮಾನ್ಯ ಮನೆಗಳಿಗೆ ಡಿಪಾಸಿಟ್ ಐದು ವಾರದ ಬಾಡಿಗೆಗಿಂತ ಜಾಸ್ತಿ ಇರಬಾರದು. ಅದನ್ನೂ ಮಾಲೀಕ ತನ್ನ ಜೇಬಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. 30 ದಿನದೊಳಗೆ ಸರ್ಕಾರ ಒಪ್ಪಿದ ಮೂರು ಡಿಪಾಸಿಟ್ ಸ್ಕೀಮ್‌ಗಳಲ್ಲಿ ಒಂದರಲ್ಲಿ ಭದ್ರ ಮಾಡಬೇಕು, ವಿವರ ನಿಮಗೆ ಕೊಡಬೇಕು. ಯಾವ ಸ್ಕೀಮ್‌ನಲ್ಲಿ ಇಡುತ್ತೀರಿ ಅಂತ ಒಂದು ಪ್ರಶ್ನೆ ಕೇಳಿ. ನಿಜವಾದ ಮಾಲೀಕ ಒಂದೇ ಸಾಲಿನಲ್ಲಿ ಉತ್ತರ ಕೊಡುತ್ತಾನೆ.

ಮನೆ ಯಾರ ಹೆಸರಲ್ಲಿ ಇದೆ ಅಂತಲೂ ನೋಡಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿ ಇದೆ. ಕೆಲವೇ ಪೌಂಡ್ ಕಟ್ಟಿದರೆ ಯಾರು ಬೇಕಾದರೂ ಮಾಲೀಕರ ಹೆಸರು ನೋಡಬಹುದು, ನಮ್ಮ ಆರ್‌ಟಿಸಿ ತೆಗೆದ ಹಾಗೆ. ಏಜೆಂಟ್ ಮೂಲಕ ಆದರೆ ಆ ಏಜೆನ್ಸಿ ಪ್ರಾಪರ್ಟಿ ಆಂಬಡ್ಸ್‌ಮನ್ ತರಹದ ದೂರು ಪರಿಹಾರ ವ್ಯವಸ್ಥೆಯ ಸದಸ್ಯನಾ ನೋಡಿ. ಅದು ಅವರಿಗೆ ಕಡ್ಡಾಯ.

ಬ್ರಿಟನ್ ಒಳಗೆ ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸಿದ ಹಣ ಮೋಸದವರಿಗೆ ಹೋದರೆ ಬ್ಯಾಂಕುಗಳು ಮರುಪಾವತಿ ಮಾಡಬೇಕು ಅಂತ 2024ರ ಅಕ್ಟೋಬರ್‌ನಿಂದ ನಿಯಮ ಬಂದಿದೆ, ಷರತ್ತುಗಳು ಇವೆ. ಆದರೆ ಭಾರತದಿಂದ ಬಂದ ಹಣಕ್ಕೆ ಇದು ಅನ್ವಯಿಸುವುದಿಲ್ಲ. ಬ್ಯಾಂಕ್ ನೌಕರರು ಮೇಲೆ ಹೇಳಿದ್ದು ಇಲ್ಲಿಗೂ ಹೊಂದುತ್ತದೆ.

ನರ್ಸ್ ಆಗಿ ಬರುವವರು ಆಫರ್ ಸಿಕ್ಕ ದಿನವೇ ಆಸ್ಪತ್ರೆಯವರಿಗೆ ಮೇಲ್ ಮಾಡಿ, ಮೊದಲ ಕೆಲವು ವಾರ ಉಳಿಯಲು ವ್ಯವಸ್ಥೆ ಇದೆಯಾ ಕೇಳಿ. ಅನೇಕ ಕಡೆ ಕೊಡುತ್ತಾರೆ. ಸಂಕೋಚಪಟ್ಟು ಕೇಳದೆ ಇರುವವರೇ ಜಾಸ್ತಿ, ಅದು ನನಗೆ ಬೇಸರ.

ಮಣಿಪಾಲ ಮಿತ್ರ

ಎಲ್ಲರೂ ಹೇಳುವುದು ಸರಿ. ಆದರೆ ಒಂದು ವಿರುದ್ಧ ಮಾತು ಹೇಳಲೇಬೇಕು. ನಾನು ಈಗ ಐರ್ಲೆಂಡಿನ ಡಬ್ಲಿನ್‌ನಲ್ಲಿ ಇದ್ದೇನೆ. ಇಲ್ಲಿ ಮನೆಯ ಬರ ಎಷ್ಟು ಅಂದರೆ ಎಲ್ಲವನ್ನೂ ಪರೀಕ್ಷೆ ಮಾಡಿ, ನಿಧಾನವಾಗಿ ಯೋಚಿಸಿ ಕೂತರೆ ಮನೆ ಬೇರೆಯವರಿಗೆ ಹೋಗುತ್ತದೆ. ನಿಜವಾದ ಮಾಲೀಕರೂ ಇವತ್ತೇ ಹೇಳಿ ಅನ್ನುತ್ತಾರೆ. ನಿಜವಾದವರೂ ಕೆಲವರು ಊರಲ್ಲಿ ಇರುವುದಿಲ್ಲ. ಎಲ್ಲರನ್ನೂ ಕಳ್ಳರ ಹಾಗೆ ನೋಡಿದರೆ ಹುಡುಗರು ರಸ್ತೆಯಲ್ಲಿ ಮಲಗಬೇಕಾಗುತ್ತದೆ.

ಅವಸರ ಮಾಡಿದವರೆಲ್ಲ ಮೋಸಗಾರರು ಎನ್ನುವ ಲೆಕ್ಕ ಇಲ್ಲಿ ಕೆಲಸ ಮಾಡುವುದಿಲ್ಲ.

ಕಂಕನಾಡಿ ನರ್ಸಕ್ಕ

ಮಿತ್ರರೇ, ನೀವು ಹೇಳಿದ್ದು ನಿಜ. ನನ್ನ ತಂಗಿ ಅಲ್ಲೇ ಇದ್ದಾಳೆ, ಅವಳ ಪಾಡು ನೋಡಿದ್ದೇನೆ. ಆದರೆ ಅವಸರ ಬೇರೆ, ನೋಡುವ ಮೊದಲು ಹಣ ಬೇರೆ. ಅವಸರದ ನಿಜವಾದ ಮಾಲೀಕ ಏನು ಮಾಡುತ್ತಾನೆ? ಸಂಜೆ ಐದಕ್ಕೆ ಬನ್ನಿ, ಇಪ್ಪತ್ತು ಜನ ಬರುತ್ತಾರೆ, ನೋಡಿ ಹೇಳಿ ಅನ್ನುತ್ತಾನೆ. ಬಾಗಿಲು ತೆರೆಯುತ್ತಾನೆ. ಮೋಸಗಾರ ಬಾಗಿಲು ಒಂದು ಬಿಟ್ಟು ಬೇರೆ ಎಲ್ಲ ತೆರೆಯುತ್ತಾನೆ.

ಐರ್ಲೆಂಡಿನಲ್ಲೂ ಮಿತಿ ಇದೆ ಅಲ್ವಾ? ಸಾಮಾನ್ಯ ಬಾಡಿಗೆ ಮನೆಗೆ ಒಂದು ತಿಂಗಳ ಡಿಪಾಸಿಟ್, ಒಂದು ತಿಂಗಳ ಮುಂಗಡ ಬಾಡಿಗೆ, ಅಷ್ಟೇ. ಮೂರು ತಿಂಗಳದ್ದು ಒಮ್ಮೆಗೆ ಕೊಡಿ ಅಂದರೆ ಅಲ್ಲೇ ಗೊತ್ತಾಗುತ್ತದೆ.

ಮಣಿಪಾಲ ಮಿತ್ರ

ಹೌದು ಅಕ್ಕ, ಮಿತಿ ಅದೇ. ಬಾಡಿಗೆ ಒಪ್ಪಂದಗಳನ್ನು ಆರ್‌ಟಿಬಿ ಎಂಬ ಸರ್ಕಾರಿ ಮಂಡಳಿಯಲ್ಲಿ ನೋಂದಾಯಿಸಬೇಕು, ಅವರ ಸೈಟಿನಲ್ಲಿ ವಿಳಾಸ ಹಾಕಿ ಹುಡುಕಬಹುದು. ಆದರೆ ಅಲ್ಲಿ ಇಲ್ಲ ಅಂದ ಕೂಡಲೇ ಮೋಸ ಅಂತ ತೀರ್ಮಾನ ಮಾಡಬೇಡಿ. ಮಾಲೀಕರೇ ವಾಸ ಇರುವ ಮನೆಯಲ್ಲಿ ಒಂದು ಕೋಣೆ ಕೊಡುವುದು ಇಲ್ಲಿ ಬಹಳ ಉಂಟು, ಅದು ಆರ್‌ಟಿಬಿ ವ್ಯಾಪ್ತಿಗೆ ಬರುವುದಿಲ್ಲ. ಅಂಥ ಕಡೆ ಮಾಲೀಕರ ಜೊತೆ ವಿಡಿಯೋ ಕಾಲ್‌ನಲ್ಲಿ ಕೂತು ಮಾತಾಡುವುದೇ ದಾರಿ.

ವಿಡಿಯೋ ಕಾಲ್ ಬಗ್ಗೆ ಒಂದು ಸೇರಿಸುತ್ತೇನೆ. ಮೊದಲೇ ತೆಗೆದ ವಿಡಿಯೋ ಕಳಿಸಿದರೆ ಅದಕ್ಕೆ ಬೆಲೆ ಇಲ್ಲ. ನೇರ ಕರೆಯಲ್ಲಿ ರಸ್ತೆಯಿಂದ ಶುರು ಮಾಡಲು ಹೇಳಿ. ರಸ್ತೆಯ ಹೆಸರಿನ ಬೋರ್ಡ್, ಮನೆ ನಂಬರ್, ಕೀ ಹಾಕಿ ಬಾಗಿಲು ತೆರೆಯುವುದು, ಒಳಗೆ ಹೋಗಿ ನಲ್ಲಿ ತಿರುಗಿಸುವುದು, ಕಿಟಕಿಯಿಂದ ಹೊರಗೆ ಏನು ಕಾಣುತ್ತದೆ ಎಲ್ಲ ಒಂದೇ ಉಸಿರಿನಲ್ಲಿ ತೋರಿಸಲಿ. ನೀವು ಕೇಳಿದ ಕಡೆ ಕ್ಯಾಮೆರಾ ತಿರುಗಬೇಕು. ನೆಟ್‌ವರ್ಕ್ ಸರಿ ಇಲ್ಲ ಅಂತ ಎರಡು ಸಲ ಕಟ್ ಆದರೆ ಮೂರನೇ ಸಲ ಪ್ರಯತ್ನ ಬೇಡ.

ಉಳ್ಳಾಲ-ದುಬೈ

ಗಲ್ಫ್ ಕಡೆ ಯಾರೂ ಬರೆದಿಲ್ಲ, ಹಾಗಾಗಿ ಬರೆಯುತ್ತೇನೆ. ನಮ್ಮ ಕಡೆಯ ಹುಡುಗರು ಓದಿಗೆ ಹೋಗುವುದಕ್ಕಿಂತ ಜಾಸ್ತಿ ಇಲ್ಲಿಗೆ ಕೆಲಸಕ್ಕೆ ಬರುತ್ತಾರೆ. ಬೆಡ್ ಸ್ಪೇಸ್ (ಹಂಚಿಕೊಂಡ ರೂಮಿನಲ್ಲಿ ಒಂದು ಮಂಚದ ಜಾಗ), ಪಾರ್ಟಿಷನ್ ರೂಮ್ (ಅಡ್ಡ ಕಟ್ಟಿ ಮಾಡಿದ ಸಣ್ಣ ಕೋಣೆ) ಇದೇ ಅವರ ಹುಡುಕಾಟ.

ಇಲ್ಲಿ ಮೋಸದ ರೂಪ ಬೇರೆ. ಮನೆ ತೋರಿಸುತ್ತಾರೆ! ಕೀ ಇರುತ್ತದೆ, ಒಳಗೆ ಎ.ಸಿ. ಓಡುತ್ತಿರುತ್ತದೆ. ಆ ಮನೆಯನ್ನು ಅವನು ಕೆಲವು ದಿನಕ್ಕೆ ಮಾತ್ರ ಬಾಡಿಗೆಗೆ ತೆಗೆದಿರುತ್ತಾನೆ. ಒಂದೇ ಮನೆಯನ್ನು ಹಲವರಿಗೆ ತೋರಿಸಿ, ಎಲ್ಲರಿಂದಲೂ ಅಡ್ವಾನ್ಸ್ ತೆಗೆದುಕೊಂಡು, ಒಂದನೇ ತಾರೀಕಿಗೆ ಫೋನ್ ಆಫ್. ಎಲ್ಲರೂ ಪೆಟ್ಟಿಗೆ ಹಿಡಿದು ಒಂದೇ ಬಾಗಿಲಿಗೆ ಬರುತ್ತಾರೆ. ಕಣ್ಣಾರೆ ನೋಡಿದರೂ ಸಾಲದು ಅಂತ ಇದಕ್ಕೇ ಹೇಳುವುದು.

ದುಬೈನಲ್ಲಿ ಬಾಡಿಗೆ ಕರಾರು ಇಜಾರಿ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಣಿ ಆಗಬೇಕು. ಬ್ರೋಕರ್ ಆದರೆ ಅಲ್ಲಿನ ರಿಯಲ್ ಎಸ್ಟೇಟ್ ನಿಯಂತ್ರಣ ಸಂಸ್ಥೆ ರೇರಾ ಕೊಟ್ಟ ಕಾರ್ಡ್ ಕೇಳಿ, ಅದರ ನಂಬರನ್ನು ಸರ್ಕಾರದ ದುಬೈ ರೆಸ್ಟ್ ಆ್ಯಪ್‌ನಲ್ಲಿ ನೋಡಬಹುದು. ಚೆಕ್ ಬರೆಯುವುದಾದರೆ ಟೈಟಲ್ ಡೀಡ್‌ನಲ್ಲಿ ಇರುವ ಮಾಲೀಕರ ಹೆಸರಿಗೇ ಬರೆಯಿರಿ, ಬ್ರೋಕರ್ ಹೆಸರಿಗೆ ಅಲ್ಲ. ಬೆಡ್ ಸ್ಪೇಸ್ ಆದರೆ ರೂಮಿನಲ್ಲಿ ಈಗ ಇರುವ ಹುಡುಗರ ಹತ್ತಿರ ಪ್ರತ್ಯೇಕವಾಗಿ ಮಾತಾಡಿ. ಬಾಡಿಗೆ ಯಾರಿಗೆ ಕೊಡುತ್ತೀರಿ, ಎಷ್ಟು ಸಮಯದಿಂದ ಇದ್ದೀರಿ ಕೇಳಿ. ಅವರಿಗಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ.

ಇನ್ನೊಂದು ವಿಷಯ ಹೇಳಲು ಮನಸ್ಸಿಗೆ ಕಷ್ಟ ಆಗುತ್ತದೆ. ಮೋಸ ಮಾಡುವವರು ಈಗ ನಮ್ಮ ಊರಿನವರ ಗುಂಪುಗಳಿಗೇ ಬರುತ್ತಾರೆ. ತುಳುವಿನಲ್ಲೋ ಬ್ಯಾರಿಯಲ್ಲೋ ಎರಡು ಮಾತು ಆಡಿ, ನಾನೂ ತೊಕ್ಕೊಟ್ಟಿನವ ಅಂದರೆ ನಮ್ಮ ಮನಸ್ಸು ಕರಗುತ್ತದೆ. ಪರವೂರಿನಲ್ಲಿ ಊರ ಭಾಷೆ ಕೇಳಿದರೆ ಆಗುವ ಸಂತೋಷ ಇದೆಯಲ್ಲ, ಅದನ್ನೇ ಅವರು ಹಿಡಿಯುತ್ತಾರೆ. ಊರಿನವರು ಅಂದರೆ ಊರಿನ ಹಾಗೆಯೇ ವಿಚಾರಿಸಿ. ಯಾವ ಮನೆ, ಯಾರ ಮಗ, ಯಾವ ಶಾಲೆ. ಒಂದು ಫೋನ್‌ನಲ್ಲಿ ಗೊತ್ತಾಗುತ್ತದೆ. ನಿಜವಾಗಿ ನಮ್ಮವರಾದರೆ ಅವರಿಗೆ ಬೇಸರ ಆಗುವುದಿಲ್ಲ.

ಸುರತ್ಕಲ್ ಹುಡುಗ

ಕೆನಡಾ ಬಗ್ಗೆ ಚಿಕ್ಕದಾಗಿ. ಒಂಟಾರಿಯೋದಲ್ಲಿ ಮೊದಲ ತಿಂಗಳ ಬಾಡಿಗೆ ಮತ್ತು ಕೊನೆಯ ತಿಂಗಳ ಬಾಡಿಗೆ ಮೊದಲೇ ಕೇಳುವುದು ಸರಿ, ಅದು ಇಲ್ಲಿನ ಪದ್ಧತಿ. ಸಾಮಾನು ಹಾಳಾದರೆ ಅಂತ ಬೇರೆ ಡಿಪಾಸಿಟ್ ಕೇಳುವ ಹಾಗಿಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ ಸೆಕ್ಯುರಿಟಿ ಡಿಪಾಸಿಟ್ ಅರ್ಧ ತಿಂಗಳ ಬಾಡಿಗೆ ಮೀರಬಾರದು. ಪ್ರಾಂತ್ಯ ಬದಲಾದರೆ ನಿಯಮ ಬದಲಾಗುತ್ತದೆ, ಹಾಗಾಗಿ ಟೊರೊಂಟೋದಲ್ಲಿರುವ ಕಸಿನ್ ಹೇಳಿದ್ದನ್ನು ವ್ಯಾಂಕೂವರ್‌ಗೆ ಹಚ್ಚಬೇಡಿ.

ಇಲ್ಲಿ ಬ್ಯಾಂಕುಗಳ ನಡುವೆ ಹಣ ಕಳಿಸುವ ಇಂಟರಾಕ್ ಮೂಲಕ ಕಳಿಸಿದ ಹಣ ಆ ಕಡೆಯವರ ಖಾತೆಗೆ ತಾನಾಗಿ ಜಮಾ ಆಗುವ ಸೆಟ್ಟಿಂಗ್ ಇದ್ದರೆ ಹಿಂದೆ ಬರುವುದಿಲ್ಲ. ಗಿಫ್ಟ್ ಕಾರ್ಡ್, ಕ್ರಿಪ್ಟೋದಲ್ಲಿ ಬಾಡಿಗೆ ಕೇಳಿದರೆ ಮಾತು ಮುಂದುವರಿಸಲೇಬೇಡಿ. ಇದು ಯಾವ ದೇಶಕ್ಕೂ ಸರಿ.

ಬಿಜೈ ಟು ಬರ್ಲಿನ್

ಚಿಕ್ಕಪ್ಪನವರೇ, ಮಗಳಿಗೆ ಮುಂದೆ ಏನು ಮಾಡುವುದು ಅಂತ ಯಾರೂ ಹೇಳಲಿಲ್ಲ, ಹಾಗಾಗಿ ಬರೆಯುತ್ತೇನೆ. ಮನೆ ಇಲ್ಲದೆ ಮಗಳನ್ನು ಕಳಿಸುವುದು ಹೇಗೆ ಎನ್ನುವ ಭಯಕ್ಕೇ ಅಲ್ವಾ ಮನೆಯವರು ಹಣ ಕಟ್ಟಲು ಹೊರಡುವುದು? ಆ ಭಯ ಕಡಿಮೆ ಆದರೆ ಮೋಸಗಾರನ ಕೆಲಸ ಅರ್ಧ ಕೆಡುತ್ತದೆ.

ಮೊದಲ ಮೂರು-ನಾಲ್ಕು ವಾರಕ್ಕೆ ತಾತ್ಕಾಲಿಕ ಜಾಗ ಮಾತ್ರ ಇಲ್ಲಿಂದ ಬುಕ್ ಮಾಡಿ. ಹಾಸ್ಟೆಲ್, ಯೂತ್ ಹಾಸ್ಟೆಲ್, ಅಥವಾ ದೊಡ್ಡ ಸೈಟಿನ ಒಳಗೇ ಕಾರ್ಡ್‌ನಲ್ಲಿ ಕಟ್ಟುವ, ಕ್ಯಾನ್ಸಲ್ ಮಾಡಿದರೆ ಹಣ ವಾಪಸ್ ಬರುವ ರೂಮ್. ದುಡ್ಡು ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ. ಒಂದು ಎಚ್ಚರಿಕೆ: ಸೆಪ್ಟೆಂಬರ್ ಮೂರನೇ ವಾರದಿಂದ ಅಕ್ಟೋಬರ್ ಮೊದಲ ಭಾನುವಾರದ ತನಕ ಮ್ಯೂನಿಕ್‌ನಲ್ಲಿ ಅಕ್ಟೋಬರ್‌ಫೆಸ್ಟ್ ಎಂಬ ದೊಡ್ಡ ಬಿಯರ್ ಹಬ್ಬ. ಹೋಟೆಲ್ ದರ ವಿಪರೀತ ಏರುತ್ತದೆ, ರೂಮೇ ಸಿಗುವುದಿಲ್ಲ. ನಿಮ್ಮ ಮಗಳು ಸರಿಯಾಗಿ ಅದೇ ಹೊತ್ತಿಗೆ ಇಳಿಯುತ್ತಾಳೆ. ಇವತ್ತೇ ಬುಕ್ ಮಾಡಿ. ಮ್ಯೂನಿಕ್ ಸಿಗದಿದ್ದರೆ ಆಗ್ಸ್‌ಬರ್ಗ್ ನೋಡಿ. ರೈಲಿನಲ್ಲಿ ಮುಕ್ಕಾಲು ಗಂಟೆ.

ಬಂದ ಮೇಲೆ ಹುಡುಕುವುದು ಬಹಳ ಸುಲಭ ಅಂತ ನಾನು ಹೇಳುವುದಿಲ್ಲ, ಮ್ಯೂನಿಕ್ ಕಷ್ಟದ ಊರು. ಆದರೆ ಕಾಲಲ್ಲಿ ನಡೆದು ಹೋಗಿ ಬಾಗಿಲು ಬಡಿಯಬಹುದು. ಮಲ್ಪೆಯಲ್ಲಿ ಬಂಗುಡೆ ತೆಗೆಯುವಾಗಲೂ ಕಿವಿರು ಎತ್ತಿ ನೋಡುತ್ತೇವೆ, ಲಕ್ಷದ ವ್ಯವಹಾರಕ್ಕೆ ಅಷ್ಟಾದರೂ ಬೇಡವಾ?

ವಿದ್ಯಾರ್ಥಿಗಳ ಹಾಸ್ಟೆಲ್ ನಡೆಸುವ ಸ್ಟುಡೀರೆಂಡನ್‌ವೆರ್ಕ್‌ನಲ್ಲಿ ಅರ್ಜಿ ಹಾಕಿದ್ದರೆ ಹಾಗೇ ಇರಲಿ, ತೆಗೆಯಬೇಡಿ. ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿಗೆ ಮೇಲ್ ಮಾಡಿ. ಸೆಮಿಸ್ಟರ್ ಮಟ್ಟಿಗೆ ಬೇರೆ ದೇಶಕ್ಕೆ ಹೋಗುವ ವಿದ್ಯಾರ್ಥಿಗಳು ತಮ್ಮ ರೂಮನ್ನು ಆ ಕೆಲವು ತಿಂಗಳಿಗೆ ಬಿಟ್ಟುಕೊಡುತ್ತಾರೆ, ಅಂಥದ್ದು ಹುಡುಕಿ. ಅವರೂ ಮಾಲೀಕರ ಒಪ್ಪಿಗೆ ಪಡೆದಿರಬೇಕು, ಆ ಒಪ್ಪಿಗೆಯ ಕಾಗದ ಕೇಳಿ. ಮನೆಯಲ್ಲಿ ಉಳಿಯುವ ಬೇರೆ ಹುಡುಗಿಯರ ಜೊತೆಗೂ ಮಾತಾಡಿ.

ಕಟಪಾಡಿ ಚಿಕ್ಕಪ್ಪ

ಎಲ್ಲರಿಗೂ ಕೈಮುಗಿದು ನಮಸ್ಕಾರ. ವಿಷಯ ಹೇಳುತ್ತೇನೆ.

ನಿನ್ನೆ ರಾತ್ರಿಯೇ ಮಗಳು ಆ ಸಾಲು ಬರೆದಳು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ವಿಮಾನದ ಕಥೆ ಹಾಗೇ ಬಂದಿದೆ. ಹಿಂದೆ ಒಬ್ಬರಿಗೆ ತೋರಿಸಲು ಬಂದಿದ್ದರಂತೆ, ಅವರು ಬರಲಿಲ್ಲವಂತೆ. ಮತ್ತೆ ಒತ್ತಾಯ ಮಾಡಿದಾಗ, ನಿಮಗೆ ನಂಬಿಕೆ ಇಲ್ಲದಿದ್ದರೆ ವಕೀಲರ ಮೂಲಕ ನೋಟಿಸ್ ಕಳಿಸುತ್ತೇನೆ, ನೀವು ಅಗ್ರಿಮೆಂಟ್ ಒಪ್ಪಿದ್ದೀರಿ ಅಂತ ಹೆದರಿಸಿದ. ಮಗಳು ಅಳುವಷ್ಟು ಹೆದರಿದಳು. ಫೋಟೋ ಹುಡುಕಿದಾಗ ಅಡುಗೆ ಮನೆಯ ಚಿತ್ರ ಬೇರೆ ದೇಶದ ಒಂದು ಹೋಟೆಲ್ ಅಪಾರ್ಟ್‌ಮೆಂಟಿನದ್ದು ಅಂತ ಸಿಕ್ಕಿತು. ಅಣ್ಣ ಬ್ಯಾಂಕಿಗೆ ಹೋಗಲಿಲ್ಲ.

ಆಗ್ಸ್‌ಬರ್ಗ್‌ನಲ್ಲಿ ಹಾಸ್ಟೆಲ್ ಬುಕ್ ಆಯ್ತು. ಈಗ ಒಂದೇ ಚಿಂತೆ. ಮಗಳು ತನ್ನ ಪಾಸ್‌ಪೋರ್ಟ್, ಆಧಾರ್, ಅಡ್ಮಿಷನ್ ಪತ್ರ ಮೂರನ್ನೂ ಅವನಿಗೆ ಮೊದಲೇ ಕಳಿಸಿದ್ದಾಳೆ. ಅದನ್ನು ಏನು ಮಾಡಬಹುದು? ಆ ನೋಟಿಸ್ ಬೆದರಿಕೆಗೆ ಹೆದರಬೇಕಾ?

ಕುಂದಾಪುರದ ನಿವೃತ್ತ ಬ್ಯಾಂಕ್ ನೌಕರ

ಬೆದರಿಕೆಗೆ ಹೆದರಬೇಡಿ. ಮಗಳಿಗೆ ಧೈರ್ಯ ಹೇಳಿ, ಅವಳು ಯಾವ ತಪ್ಪೂ ಮಾಡಿಲ್ಲ. ಆ ಮೇಲ್‌ಗೆ ಇನ್ನು ಉತ್ತರ ಬೇಡ, ಬ್ಲಾಕ್ ಮಾಡಿ. ಆದರೆ ಅಳಿಸಬೇಡಿ.

ಹಣ ಹೋಗದಿದ್ದರೂ ದೂರು ಕೊಡಬಹುದು, ಕೊಡಬೇಕು. ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದಾಖಲೆಗಳು ಮೋಸಗಾರನ ಕೈಗೆ ಹೋಗಿವೆ ಅಂತ ಸ್ಪಷ್ಟವಾಗಿ ಬರೆಯಿರಿ. ನಾಳೆ ಆ ಪಾಸ್‌ಪೋರ್ಟ್ ಪ್ರತಿ ತೋರಿಸಿ ಅವನು ಇನ್ನೊಬ್ಬರಿಗೆ ಮೋಸ ಮಾಡಿದರೆ ಮಗಳ ಹೆಸರು ಬರಬಾರದು. ಆ ದೂರಿನ ಸಂಖ್ಯೆಯೇ ಅವಳಿಗೆ ರಕ್ಷಣೆ. ಅದರ ಪ್ರತಿ ಜರ್ಮನಿಗೂ ತೆಗೆದುಕೊಂಡು ಹೋಗಲಿ. ಆಧಾರ್‌ಗೆ ಬಯೋಮೆಟ್ರಿಕ್ ಲಾಕ್ ಹಾಕಿ, ಆಧಾರ್ ಸೈಟಿನಲ್ಲೇ ಆಗುತ್ತದೆ. ಬ್ಯಾಂಕ್ ಖಾತೆಗೆ ಜೋಡಿಸಿದ ಫೋನ್‌ಗೆ ಬರುವ ಒಟಿಪಿಗಳ ಮೇಲೆ ಸ್ವಲ್ಪ ಕಾಲ ಗಮನ ಇರಲಿ.

ಮುಂದೆ ಯಾರಿಗಾದರೂ ಪಾಸ್‌ಪೋರ್ಟ್ ಪ್ರತಿ ಕೊಡಬೇಕಾದರೆ ಅದರ ಮೇಲೆ ಅಡ್ಡವಾಗಿ, ಇಂಥ ವಿಳಾಸದ ಬಾಡಿಗೆ ಅರ್ಜಿಗೆ ಮಾತ್ರ, ಇಂಥ ದಿನಾಂಕ ಅಂತ ಬರೆದು ಕಳಿಸಿ. ಆಧಾರ್, ಪ್ಯಾನ್ ವಿದೇಶದ ಯಾವ ಮನೆ ಮಾಲೀಕರಿಗೂ ಬೇಕಾಗುವುದಿಲ್ಲ.

ಬಿಜೈ ಟು ಬರ್ಲಿನ್

ಜಾಹೀರಾತು ಇದ್ದ ಸೈಟಿಗೂ ರಿಪೋರ್ಟ್ ಮಾಡಿಸಿ ಅಣ್ಣಾ. ಅವರು ತೆಗೆದು ಹಾಕಿದರೆ ಇನ್ನೊಂದು ಮನೆಯ ಮಗು ಉಳಿಯುತ್ತದೆ. ಮಗಳು ಬಂದ ಮೇಲೆ ಇಲ್ಲಿನ ಪೊಲೀಸರಿಗೂ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಮ್ಯೂನಿಕ್‌ನಲ್ಲಿ ನನ್ನ ಗೆಳೆಯರಿದ್ದಾರೆ, ಮನೆ ನೋಡಲು ಹೋಗುವಾಗ ಜೊತೆಗೆ ಬರುತ್ತಾರೆ. ಸಂಕೋಚ ಬೇಡ.

ಕಾರ್ಕಳದ ಅಕ್ಕ

ನನ್ನ ತಮ್ಮ ಜನವರಿಯಲ್ಲಿ ಡಬ್ಲಿನ್‌ಗೆ ಹೋಗುತ್ತಾನೆ. ಅವನಿಗೂ ಇವತ್ತೇ ಒಂದು ಮೆಸೇಜ್ ಬಂದಿದೆ, ಮಾಲೀಕರು ಊರಲ್ಲಿ ಇಲ್ಲ, ಎರಡು ತಿಂಗಳದ್ದು ಕಳಿಸಿ ಅಂತ. ಇದನ್ನು ಓದಿದ ಮೇಲೆ ಎದೆ ಧಸಕ್ ಅಂತು. ಮಣಿಪಾಲ ಮಿತ್ರರೇ, ವಿಳಾಸ ಕಳಿಸಿದರೆ ಒಮ್ಮೆ ಹೋಗಿ ನೋಡಲು ಆಗುತ್ತದಾ?

ಮಣಿಪಾಲ ಮಿತ್ರ

ಖಂಡಿತ ಅಕ್ಕ. ವಿಳಾಸ ಮತ್ತು ಜಾಹೀರಾತಿನ ಲಿಂಕ್ ನನಗೆ ಖಾಸಗಿಯಾಗಿ ಕಳಿಸಿ, ಇಲ್ಲಿ ಹಾಕಬೇಡಿ. ಶನಿವಾರ ನನಗೆ ರಜೆ, ಬೆಳಿಗ್ಗೆಯೇ ಹೋಗಿ ಬರುತ್ತೇನೆ. ಅಲ್ಲಿಯ ತನಕ ತಮ್ಮ ಒಂದು ಯೂರೋ ಕೂಡ ಕಳಿಸುವುದು ಬೇಡ.